ತಪ್ಪಿದ ನಾಡಿಯ ಜಪ

ತುಂಗಭದ್ರೆಯ ದಂಡೆಗೆ ಒಂದು ಸಣ್ಣ ಆಶ್ರಮ. ಅಲ್ಲಿನ ಗುರು ಅಡವಯ್ಯಜ್ಜ, ಎಂಬತ್ತು ದಾಟಿದವರು. ಹಿರಿಯ ಶಿಷ್ಯ ನಿರ್ವಾಣಪ್ಪ, ಅರವತ್ತೊಂದರವನು. ಇಬ್ಬರಿಗೂ ಮಾತು ಕಡಿಮೆ. ಎಡವಟ್ಟಾದದ್ದೇ ಅದರಿಂದ ನೋಡಿ.

ಆ ಆಶ್ರಮದಲ್ಲಿ ಜಪಕ್ಕೆ ಮಣಿಸರ ಇಲ್ಲ. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳಿಡಬೇಕು. ನಾಡಿ ಒಮ್ಮೆ ಬಡಿದರೆ ಒಂದು ನಾಮ. ಅಷ್ಟೇ ಪದ್ಧತಿ.

ಅಜ್ಜ ಮುಂದೆ ಕೂತು ಗಟ್ಟಿಯಾಗಿ ಹೇಳುವರು, ಉಳಿದವರು ಅವರು ಹೇಳಿದಂತೆ ಹಿಂದಿನಿಂದ. ಹನ್ನೆರಡು ವರ್ಷದ ಹಿಂದೆ ಅಜ್ಜನ ಜಪ ಇದ್ದಕ್ಕಿದ್ದಂತೆ ಬದಲಾಯಿತು. ಎರಡು ನಾಮ ಒಂದರ ಬೆನ್ನಿಗೊಂದು, ಆಮೇಲೆ ಸುಮ್ಮನೆ. ಮತ್ತೆ ನಾಲ್ಕು, ಗಡಿಬಿಡಿಯಲ್ಲಿ. ಮತ್ತೆ ಸುಮ್ಮನೆ.

ಶಿಷ್ಯರು ಮುಖ ಮುಖ ನೋಡಿಕೊಂಡರು. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ನಿರ್ವಾಣಪ್ಪನೇ ತೀರ್ಪು ಕೊಟ್ಟ: ಸುಮ್ಮನಾದಾಗ ಅಜ್ಜಾರು ಇಲ್ಲಿರುವುದಿಲ್ಲ, ಅದು ದೊಡ್ಡ ಸ್ಥಿತಿ. ಅಂದಿನಿಂದ ಎಲ್ಲರೂ ಅಜ್ಜ ನಿಂತಲ್ಲಿ ನಿಂತರು, ಓಡಿದಲ್ಲಿ ಓಡಿದರು. ಹೊಸಬರು ಬಂದರೆ ನಿರ್ವಾಣಪ್ಪ ಕೂರಿಸಿಕೊಂಡು ಅದನ್ನು ಕಲಿಸಿಯೂ ಕೊಟ್ಟ.

ಈಗ ಐದು ವಾರದಿಂದ ನಿರ್ವಾಣಪ್ಪನ ಸ್ವಂತ ನಾಡಿ ಹಾಗೇ ಬಡಿಯತೊಡಗಿತ್ತು.

ಎರಡು ದಿನ ಹಿಗ್ಗಿಗೆ ಅವನ ಕಾಲು ನೆಲದ ಮೇಲಿರಲಿಲ್ಲ. ಮೂರನೆಯ ದಿನ ಹೊಳೆಯಿಂದ ಒಂದು ಕೊಡ ನೀರು ತರುವಾಗ ಹನ್ನೊಂದು ಮೆಟ್ಟಿಲಿಗೆ ಮೂರು ಸಲ ಕೂತ. ಬುಟ್ಟಿಗೆ ಹಾಕಿದ ಮೀನಿನ ಹಾಗೆ ಎದೆ ಒದ್ದಾಡುತ್ತಿತ್ತು. ಮಲಗಿದರೂ ದಣಿವು, ಎದ್ದರೂ ದಣಿವು.

ಆ ವಾರವೇ ಪಟ್ಟಣದ ಡಾಕ್ಟರಮ್ಮ ಇಸಿಜಿ ತೆಗೆದು ನೋಡಿದಳು.

"ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ಹೃದಯದ ಮೇಲಿನ ಕೋಣೆಗಳು ಬಡಿಯೋ ಬದಲು ನಡುಗ್ತಾ ಇವೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಲಕ್ವ. ರಕ್ತ ತೆಳು ಮಾಡೋ ಗುಳಿಗೆ ಇವತ್ತೇ ಶುರು ಮಾಡಿ."

"ಬಡಿತ ಸರಿ ಆಗತೈತೇನ್ರಿ?"

"ಅದಕ್ಕೆ ಬೇರೆ ದಾರಿ ಇವೆ. ಗುಳಿಗೆಯಿಂದ ವೇಗ ಇಳಿಸಿ ಹೀಗೇ ಬದುಕಬಹುದು. ಕರೆಂಟ್ ಕೊಟ್ಟು ಸರಿದಾರಿಗೆ ತರಬಹುದು. ಇಲ್ಲ, ತೊಡೆಯ ರಕ್ತನಾಳದಿಂದ ತಂತಿ ಬಿಟ್ಟು ಕೆಟ್ಟ ಜಾಗ ಸುಡಬಹುದು. ಎಲ್ಲದಕ್ಕೂ ಲಾಭ ಇದೆ, ತೊಂದರೆಯೂ ಇದೆ. ಯೋಚನೆ ಮಾಡಿ ಬನ್ನಿ, ಕೂತು ಮಾತಾಡೋಣ. ಆದರೆ ಈ ಗುಳಿಗೆ ಮಾತ್ರ ತಡ ಮಾಡಬೇಡಿ."

ನಿರ್ವಾಣಪ್ಪ ಗುಳಿಗೆ ತಂದ. ಪೊಟ್ಟಣ ಒಡೆಯಲಿಲ್ಲ. ರೋಗವಾದರೆ ನುಂಗಬೇಕು, ಸರಿ. ಸ್ಥಿತಿಯಾದರೆ? ಆಶ್ರಮಕ್ಕೆ ಬಂದು ಇಪ್ಪತ್ತಾರು ವರ್ಷ ಕಾದದ್ದು ಬಾಗಿಲಿಗೆ ಬಂದು ನಿಂತಾಗ ಗುಳಿಗೆ ನುಂಗಿ ಓಡಿಸುವುದೇ? ತೂಗಿದ, ಮತ್ತೆ ತೂಗಿದ. ತೂಗಿ ತೂಗಿ ಅವನ ತಲೆಯೇ ಸೋತುಹೋಯಿತು.

ಒಂದು ಮಧ್ಯಾಹ್ನ ಅಜ್ಜ ಹೊಳೆಯ ದಂಡೆಗೆ ಒಬ್ಬರೇ ಕೂತಿದ್ದರು. ನಿರ್ವಾಣಪ್ಪ ಹತ್ತಿರ ಹೋದ.

"ಅಜ್ಜಾರ, ಒಂದು ಮಾತು ಕೇಳೂದಿತ್ತು."

"ಮೊದಲ ಕೂಡು. ತೇಕಾಕ ಹತ್ತೀದಿ."

"ನನ್ನ ನಾಡಿ ನಿಮ್ಮ ಜಪದಂಗ ಆಗೈತ್ರಿ. ನಿಂತು ನಿಂತು ಓಡತೈತಿ. ಐದು ವಾರ ಆತು. ಡಾಕ್ಟರಮ್ಮ ರೋಗ ಅಂತಾರ, ಗುಳಿಗಿ ಅವತ್ತ ಶುರು ಮಾಡು ಅಂದಿದ್ರು."

"ನೀ ಏನಂತಿ?"

"ನಿಮಗ ಬಂದದ್ದು ನನಗೂ ಬಂತೇನೋ ಅಂತ..."

ಅಜ್ಜ ಎಡಗೈ ಚಾಚಿದರು.

"ಹಿಡಿ."

ಗುರುವಿನ ನಾಡಿಯನ್ನು ಯಾವ ಶಿಷ್ಯನೂ ಮುಟ್ಟಿರಲಿಲ್ಲ. ನಿರ್ವಾಣಪ್ಪ ಅಂಜುತ್ತಲೇ ಮೂರು ಬೆರಳಿಟ್ಟ. ಎರಡು ಬಡಿತ, ಸುಮ್ಮನೆ. ನಾಲ್ಕು, ಗಡಿಬಿಡಿಯಲ್ಲಿ. ಸುಮ್ಮನೆ. ಅವನ ಕಣ್ಣು ತುಂಬಿಬಂತು.

"ಇದ ಅಜ್ಜಾರ. ನನಗೂ ಇದ."

"ಹೌದು, ನಿನಗೂ ಇದ. ರೋಗ."

ಅಜ್ಜ ಮಗ್ಗುಲಿನ ಚೀಲದಿಂದ ಗುಳಿಗೆಯ ಡಬ್ಬಿ ತೆಗೆದು ಅವನ ಕೈಯಲ್ಲಿಟ್ಟರು. ವಾರದ ಏಳು ದಿನಕ್ಕೂ ಮನೆ ಮಾಡಿದ್ದ ಡಬ್ಬಿ. ಅಂದಿನ ಮನೆ ಖಾಲಿಯಾಗಿತ್ತು.

"ಹಂಗಾರ ನೀವು ಜಪದಾಗ ನಿಲ್ಲೂದು?"

"ನಾಡಿ ಬಡದ್ರ ಒಂದು ನಾಮ ಅಂತ ಕಲಿಸಿದಾಂವ ನಾನ. ಅದು ಬಡೀಲಿಲ್ಲ ಅಂದ್ರ ಏನ್ ಹೇಳ್ಲಿ?"

"ನಾವೂ ನಿಲ್ಲತಿದ್ದಿವಲ್ರಿ."

"ಮುದುಕನ್ನ ಬಿಟ್ಟು ಮುಂದ ಹೋಗಬಾರದು ಅಂತ ತಡೀತಾವ, ಬಂಗಾರದಂಥ ಹುಡುಗರು, ಅನಕೊಂಡಿದ್ದೆ."

ನಿರ್ವಾಣಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಜಪ ಹಿಂಗಾದ ವರ್ಷ ನೀವು ಯಾತ್ರೆಗೆ ಹೋಗಿ ಬಂದ್ರಿ..."

"ಯಾತ್ರೆ ಅಂದವರು ನೀವು. ನಾ ಬಸ್ ಹತ್ತಿದೆ ಅಷ್ಟ. ಆಸ್ಪತ್ರ್ಯಾಗ ಕರೆಂಟ್ ಕೊಡಿಸಿಕೊಂಡು ಬಂದೆ. ಎಂಟು ತಿಂಗಳು ನೆಟ್ಟಗ ಬಡೀತು. ಆಮೇಲೆ ಮತ್ತ ಇದ ಹಾಡು."

"ಆ ಎಂಟು ತಿಂಗಳು ನೀವು ಜಪದಾಗ ಎಲ್ಲೂ ನಿಲ್ಲಲಿಲ್ಲ. ನಮ್ಮ ಮ್ಯಾಲೆ ಮುನಿಸು ಅಂತ ತಿಳಕೊಂಡು ಎಲ್ಲಾರೂ ಸೋಮವಾರ ಉಪವಾಸ ಮಾಡಿದಿವಿ."

"ಅದಕ್ಕ ಸೊರಗಿದ್ದಿರೇನು? ನಾ ಅಡಗಿ ಮಾಡೂ ಮಲ್ಲೇಶಿನ್ನ ಬೈದೆ, ಪಾಪ."

ಈಗ ನಿರ್ವಾಣಪ್ಪನಿಗೆ ಸಿಟ್ಟೇ ಬಂತು. ಇಪ್ಪತ್ತಾರು ವರ್ಷದಲ್ಲಿ ಗುರುವಿನ ಮೇಲೆ ಬಂದ ಮೊದಲ ಸಿಟ್ಟು.

"ಯಾಕ ಹೇಳಲಿಲ್ರಿ?"

"ನೀವು ಯಾಕ ಕೇಳಲಿಲ್ಲ?" ಅಂದ ಅಜ್ಜ ತಲೆ ತಗ್ಗಿಸಿದರು. "ಇಲ್ಲ, ಬಿಡು. ಕೇಳದಿದ್ರೂ ಹೇಳಬೇಕಿತ್ತು. ಅದು ನನ್ನ ತಪ್ಪು."

ಸಿಟ್ಟು ಬಂದ ಹಾಗೇ ಇಳಿಯಿತು. ಸಿಟ್ಟು ಹಿಡಿದುಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ನಿರ್ವಾಣಪ್ಪ ಮೊಣಕಾಲಿನ ಮೇಲೆ ಹಣೆ ಇಟ್ಟ.

"ಸಾಕಾಗೈತ್ರಿ ಅಜ್ಜಾರ. ವೇಗ ಇಳಿಸೂದೋ, ಕರೆಂಟೋ, ಸುಡೂದೋ, ಒಂದೂ ತಿಳೀವಲ್ದು. ನೀವು ನುಂಗೂ ಗುಳಿಗಿನ ನಾನೂ ನುಂಗತೀನಿ. ನೀವು ಮಾಡಿದ್ದ ಮಾಡತೀನಿ. ಯಾವುದಂತ ನೀವ ಹೇಳಿಬಿಡ್ರಿ."

ಅಜ್ಜ ಅವನ ಕೈಯಿಂದ ಡಬ್ಬಿ ಕಿತ್ತುಕೊಂಡರು.

"ಹನ್ನೆರಡು ವರ್ಷ ನನ್ನ ರೋಗಾನ ಜಪ ಮಾಡಿದ್ರಿ. ಇನ್ನ ನನ್ನ ಗುಳಿಗಿನೂ ಶುರು ಹಚ್ಚಿಕೋತೀರೇನು? ನಿನ್ನ ಎದಿ ನೋಡಿದಾಕಿ ಆ ಡಾಕ್ಟರಮ್ಮ. ಆಕೀ ಮುಂದ ಕುಂತು ಕೇಳು, ತಿಳೀಲಿಲ್ಲಂದ್ರ ಮತ್ತ ಕೇಳು. ನನ್ನನ್ನ ಕೇಳದ ಉಳದಂಗ ಅಲ್ಲಿ ಉಳೀಬ್ಯಾಡ. ಆಕಿ ಇವತ್ತ ಶುರು ಮಾಡು ಅಂದ ಗುಳಿಗಿ ಎಷ್ಟು ನುಂಗಿ?"

"ಒಂದೂ ಇಲ್ರಿ."

"ಐದು ವಾರದಾಗ?"

"ಹೋಗತೀನ್ರಿ. ಎರಡು ದಿನ ಮೈ ಹಗುರಾಗಲಿ. ಮುಂಜಾನೆ ಕೈಯಾಗಿನ ಲೋಟ ಜಾರಿ ಬಿತ್ತು, ಅವಾಗಿಂದ ಭಾಳ ಸುಸ್ತು."

"ಜಾರಿ ಬಿತ್ತಂದ್ರ?"

"ಏನಿಲ್ರಿ. ಬೆರಳು ನನ್ನವು ಅಲ್ಲೇನೋ ಅನಿಸಿತು. ಐದು ನಿಮಿಷ ಅಷ್ಟ. ಈಗ ಸರಿ ಐತಿ."

"ಅದು ಲಕ್ವ ಬಾಗಿಲು ಬಡದದ್ದು," ಅಂದು ಅಜ್ಜ ಕೋಲೂರಿ ಎದ್ದರು. ಅಡುಗೆಮನೆಯ ಕಡೆ ತಿರುಗಿ ಮಲ್ಲೇಶಿಯನ್ನು ಕೂಗಿದರು. ಕಾಯಿಪಲ್ಲೆ ತರುವ ಟಂಟಂ ಗಾಡಿಯನ್ನು ಈಗಿಂದೀಗ ತೆಗೆಯಬೇಕು, ನಿರ್ವಾಣಪ್ಪನನ್ನು ಆಸ್ಪತ್ರೆಗೆ ಒಯ್ಯಬೇಕು, ದಾರಿಯಲ್ಲಿ ಎಲ್ಲೂ ನಿಲ್ಲಿಸಬಾರದು ಅಂದರು. ಅಜ್ಜ ಹಾಗೆ ಕೂಗಿದ್ದನ್ನು ನಿರ್ವಾಣಪ್ಪ ಎಂದೂ ಕೇಳಿರಲಿಲ್ಲ.

ಗಾಡಿ ಬಂತು. ನಿರ್ವಾಣಪ್ಪ ಏಳಲಿಲ್ಲ.

"ಇಷ್ಟು ದಣದೀನ್ರಿ ಅಜ್ಜಾರ. ಇಂಥಾದ್ರಾಗ ಹೋಗಿ ಏನ್ ಕೇಳ್ಲಿ, ಏನ್ ಆರಿಸ್ಕೊಳ್ಳಲಿ? ದಣಿವು ಒಂದೀಟು ಆರಲಿ."

ಅಜ್ಜ ಅವನ ರಟ್ಟೆಗೆ ಕೈ ಹಾಕಿ ಎತ್ತಿದರು.

"ದಣಿವು ಆರಲಿ ಅಂತ ಕಾದಿದ್ರ, ನಾ ಸತ್ತು ಹನ್ನೊಂದು ವರ್ಷ ಆಗತಿತ್ತು. ನಡಿ, ದಣಕೊಂತನ ನಡಿ."