ಹಸಿದ ಕೌದಿ

ಮಡಿಲಲ್ಲಿ ಕೂತವರು ಕೇಳಿ. ಮಡಿಲು ಸಿಗದವರು ಇನ್ನೂ ಹತ್ತಿರ ಬಂದು ಕೇಳಿ.

ಒಂದೂರಲ್ಲಿ ದ್ಯಾಮಿ ಅಂತ ಪುಟ್ಟ ಹುಡುಗಿ ಇದ್ದಳು. ಅವಳಿಗೊಬ್ಬ ತಮ್ಮ, ಇನ್ನೂ ತೊಟ್ಟಿಲ ಕೂಸು. ಅವ್ವ ತನ್ನ ಹಳೇ ಸೀರೆಗಳನ್ನೆಲ್ಲ ಕತ್ತರಿಸಿ ಕೂಸಿಗೆ ಕೌದಿ ಹೊಲಿಯುತ್ತಿದ್ದಳು. ಮೂರು ಮೂಲೆ ಮುಗಿದಿತ್ತು. ಕಡೇ ಮೂಲೆ ಬಾಯಿ ಬಿಟ್ಟುಕೊಂಡಿತ್ತು. ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿ ಹಸಿದಿರಬಾರದು, ಅದು ಆ ಮನೆಯ ಪದ್ಧತಿ.

ಅಷ್ಟರಲ್ಲಿ ಅವ್ವನಿಗೆ ಜ್ವರ ಬಂತು. ಕೌದಿ ಕಪಾಟಿನಲ್ಲಿಟ್ಟಳು. ಬೀಗ ಒತ್ತಿದಳು. ಟಕ್ ಅಂತ ಬಿತ್ತು. ಮಲಗಿದ ಅವ್ವ ಮತ್ತೆ ಏಳಲಿಲ್ಲ. ತೀರಿಕೊಂಡಳು.

ಬೀಗದಕೈ ಎಲ್ಲಿ? ಒಲೆ ಹಿಂದೆ ಇಲ್ಲ. ಒರಳೊಳಗೆ ಇಲ್ಲ. ದಿಂಬಿನ ಕೆಳಗೂ ಇಲ್ಲ. ಅಪ್ಪ ಕಲ್ಲು ತಂದು ಬಡಿದ, ಬೀಗ ಜಗ್ಗಲಿಲ್ಲ. ಕೂಸು ಅತ್ತೂ ಅತ್ತೂ ಕೆಂಪಾಯಿತು. ಅದಕ್ಕೆ ಅವ್ವನ ವಾಸನೆ ಬೇಕು. ಅವ್ವನ ವಾಸನೆ ಇದ್ದದ್ದು ಕೌದಿಯಲ್ಲಿ.

ದ್ಯಾಮಿ ಕಮ್ಮಾರ ಮೌನೇಶನ ಹತ್ತಿರ ಹೋದಳು.

"ಕಾಕಾ, ಕಾಕಾ, ಬೀಗದಕೈ ಮಾಡಿಕೊಡ್ರಿ. ಕಪಾಟಿನಾಗ ಕೌದಿ ಐತಿ. ಕೌದಿ ಇಲ್ಲದ ತಮ್ಮ ಮಲಗವಲ್ಲ."

ಕಮ್ಮಾರ ಆಗಲ್ಲ ಅಂದ. ಬೆಂಕಿಗೆ ಗಾಳಿ ಊದುವ ತಿದಿ ಹರಿದಿತ್ತು. ಗಾಳಿ ಇಲ್ಲದೆ ಬೆಂಕಿ ಇಲ್ಲ, ಬೆಂಕಿ ಇಲ್ಲದೆ ಬೀಗದಕೈ ಇಲ್ಲ. ತೊಗಲಿನ ತೇಪೆ ತಾ ಅಂದ.

ದ್ಯಾಮಿ ಚಪ್ಪಲಿ ಹೊಲಿಯುವ ದುರಗಪ್ಪನ ಹತ್ತಿರ ಹೋದಳು.

"ಮಾವ, ಮಾವ, ತೇಪೆ ಕೊಡ್ರಿ. ತೇಪೆ ಕಮ್ಮಾರಗ. ಕಮ್ಮಾರ ಬೀಗದಕೈ ಮಾಡತಾನ. ಕಪಾಟಿನಾಗ ಕೌದಿ ಐತಿ. ಕೌದಿ ಇಲ್ಲದ ತಮ್ಮ ಮಲಗವಲ್ಲ."

ದುರಗಪ್ಪನೂ ಆಗಲ್ಲ ಅಂದ. ತೊಗಲೇನೋ ಇತ್ತು, ಹೊಲಿಯಲು ದಾರ ಇರಲಿಲ್ಲ. ದಾರ ತಾ ಅಂದ.

ದ್ಯಾಮಿ ನೂಲುವ ಅಜ್ಜಿ ಹತ್ತಿರ ಹೋದಳು. ಕಾಲು ಸುಡುತ್ತಿತ್ತು.

"ಅಜ್ಜಿ, ಅಜ್ಜಿ, ದಾರ ಕೊಡು. ದಾರ ದುರಗಪ್ಪಗ. ತೇಪೆ ಕಮ್ಮಾರಗ. ಕಮ್ಮಾರ ಬೀಗದಕೈ ಮಾಡತಾನ. ಕಪಾಟಿನಾಗ ಕೌದಿ ಐತಿ. ಕೌದಿ ಇಲ್ಲದ ತಮ್ಮ ಮಲಗವಲ್ಲ."

ಅಜ್ಜಿ ಬುಟ್ಟಿ ಬೋರಲು ಹಾಕಿ ತೋರಿಸಿದಳು. ಬುಟ್ಟಿ ಖಾಲಿ. ಹತ್ತಿ ತಾ ಅಂದಳು.

ದ್ಯಾಮಿ ಹತ್ತಿ ಗಿಡದ ಹತ್ತಿರ ಹೋದಳು.

"ಗಿಡವೇ, ಗಿಡವೇ, ಹತ್ತಿ ಕೊಡು. ಹತ್ತಿ ಅಜ್ಜಿಗೆ. ದಾರ ದುರಗಪ್ಪಗ. ತೇಪೆ ಕಮ್ಮಾರಗ. ಕಮ್ಮಾರ ಬೀಗದಕೈ ಮಾಡತಾನ. ಕಪಾಟಿನಾಗ ಕೌದಿ ಐತಿ. ಕೌದಿ ಇಲ್ಲದ ತಮ್ಮ ಮಲಗವಲ್ಲ."

ಗಿಡದ ಎಲೆ ಜೋತುಬಿದ್ದಿತ್ತು. ಬಾಯಾರಿಕೆ ತಡೆಯಲಾರೆ, ನೀರು ತಾ ಅಂದಿತು.

ದ್ಯಾಮಿ ಬಾವಿ ಹತ್ತಿರ ಹೋದಳು. ಬಗ್ಗಿ ನೋಡಿದಳು. ನೀರು ತಳದಲ್ಲೆಲ್ಲೋ ಇತ್ತು.

"ಬಾವಿ, ಬಾವಿ, ನೀರು ಕೊಡು. ನೀರು ಗಿಡಕ್ಕ. ಹತ್ತಿ ಅಜ್ಜಿಗೆ. ದಾರ ದುರಗಪ್ಪಗ. ತೇಪೆ ಕಮ್ಮಾರಗ. ಕಮ್ಮಾರ ಬೀಗದಕೈ ಮಾಡತಾನ. ಕಪಾಟಿನಾಗ ಕೌದಿ ಐತಿ. ಕೌದಿ ಇಲ್ಲದ ತಮ್ಮ..."

ದ್ಯಾಮಿ ಬಾವಿಕಟ್ಟೆಗೆ ಒರಗಿ ಕೂತುಬಿಟ್ಟಳು.

ಬಾವಿ ಕೇಳಿತು, "ನಿಮ್ಮವ್ವ ಎಲ್ಲಿ? ದಿನಾ ಬಂದು ಹಾಡತಿದ್ದಳು. ಆ ಹಾಡು ಕೇಳದ ನನ್ನ ನೀರು ಮ್ಯಾಲ ಬರವಲ್ದು."

ದ್ಯಾಮಿ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಈಗ ಆಡಿದಳು.

"ಅವ್ವ ಸತ್ತುಹೋದಳು. ನಾ ಹಾಡತೀನಿ."

ಹಾಡಿದಳು. ಅಳುತ್ತಲೇ ಹಾಡಿದಳು.

ತುಂಬು ತುಂಬು ಕೊಡವೇ,
ಮನಿಯಾಗ ಕೂಸೈತಿ.
ಬ್ಯಾಗ ತುಂಬು ಕೊಡವೇ,
ಕೂಸು ಅಳತೈತಿ.

ನೀರು ಮೇಲೆ ಬಂತು. ಬಾವಿ ನೀರು ಕೊಟ್ಟಿತು. ನೀರು ಗಿಡಕ್ಕೆ, ಗಿಡ ಹತ್ತಿ ಕೊಟ್ಟಿತು. ಹತ್ತಿ ಅಜ್ಜಿಗೆ, ಅಜ್ಜಿ ದಾರ ಕೊಟ್ಟಳು. ಒಂದೆಳೆ ಜಾಸ್ತಿಯೇ ಕೊಟ್ಟಳು, ಅದು ನಿನಗೆ ಅಂದಳು. ದಾರ ದುರಗಪ್ಪನಿಗೆ, ದುರಗಪ್ಪ ತೇಪೆ ಕೊಟ್ಟ. ತೇಪೆ ಕಮ್ಮಾರನಿಗೆ, ತಿದಿ ಊದಿತು, ಬೆಂಕಿ ಹೊತ್ತಿತು. ಕಮ್ಮಾರ ಮನೆಗೇ ಬಂದು ಬೀಗ ನೋಡಿ ಹೋದ, ಟಣ್ ಟಣ್ ಬಡಿದ, ಬೀಗದಕೈ ಮಾಡಿಕೊಟ್ಟ.

ಟಕ್. ಬೀಗ ತೆರೆಯಿತು. ಕಪಾಟಿನೊಳಗೆ ಕೌದಿ. ದ್ಯಾಮಿ ಅದರಲ್ಲಿ ಮುಖ ಹುದುಗಿಸಿದಳು. ಅವ್ವನ ವಾಸನೆ.

ಬಾಯಿ ಬಿಟ್ಟ ಮೂಲೆಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಕೈ ಹಾಕಿ ತೆಗೆದಳು. ಕಳೆದುಹೋದ ಬೀಗದಕೈ! ಜ್ವರದ ಮಂಪರಿನಲ್ಲಿ ಅವ್ವ ರೊಟ್ಟಿ ಇಡುವ ಜಾಗದಲ್ಲಿ ಬೀಗದಕೈ ಇಟ್ಟುಬಿಟ್ಟಿದ್ದಳು. ಹಸಿದ ಕೌದಿ ಅದನ್ನೇ ನುಂಗಿ ಕೂತಿತ್ತು. ಅಪ್ಪ ಅದನ್ನು ನೋಡಿ ಗೋಡೆಗೊರಗಿ ಅತ್ತ.

ದ್ಯಾಮಿ ಒಂದು ಚೂರು ರೊಟ್ಟಿ ತಂದಳು. ಮೂಲೆಯೊಳಗೆ ಇಟ್ಟಳು. ಅಜ್ಜಿ ಕೊಟ್ಟ ಎಳೆಯಲ್ಲಿ ಹೊಲಿದಳು. ಹೊಲಿಗೆ ಸೊಟ್ಟಗಿತ್ತು. ಇರಲಿ ಬಿಡಿ, ಸಣ್ಣ ಕೈ.

ಕೌದಿ ಹೊದಿಸಿದಳು. ಕೂಸು ಮೂಸಿತು. ಬಿಕ್ಕಿತು. ಮಲಗಿತು.

ಬೀಗದಕೈ ಸಿಕ್ಕಿತು. ಅವ್ವ ಸಿಗಲಿಲ್ಲ. ಸೊಟ್ಟ ಹೊಲಿಗೆಯ ಮೂಲೆ ಹಿಡಿದುಕೊಂಡು ದ್ಯಾಮಿಯೂ ಮಲಗಿದಳು.

ಕೌದಿಗೆ ಹೊಟ್ಟೆ ತುಂಬಿತು, ನನ್ನ ಕಥೆಗೂ ತುಂಬಿತು. ಹೊದ್ದುಕೊಳ್ಳಿ ಮಕ್ಕಳೇ.