ಬಲ್ಬು ಹೇಳಿದ ಚಾಡಿ

ಪ್ರಯೋಗಶಾಲೆಯ ಪುಟ್ಟ ಬಲ್ಬಿಗೆ ಜೀವದ ಚಿಂತೆ ಹತ್ತಿತ್ತು. ಇಂದು ಬೆಳಗದಿದ್ದರೆ ಅದೂ, ಅದಕ್ಕೆ ಜೋಡಿಸಿದ ತಾಮ್ರದ ತಂತಿಯ ಸುರುಳಮ್ಮನೂ ಗುಜರಿಗೆ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಅಯಸ್ಕಾಂತರಾಯರು ದಯಮಾಡಿಸಿದರು. ಅವರು ಸುರುಳಿಯೊಳಗೆ ನುಗ್ಗುತ್ತಲೇ ಸುರುಳಮ್ಮ ಹೊರಕ್ಕೆ ತಳ್ಳಿದರು, ಬಲ್ಬು ಬೆಳಗಿತು. ಮುನಿದ ರಾಯರು ಹೊರಟರೆ ಸುರುಳಮ್ಮ ಹಿಂದಕ್ಕೆಳೆದರು. ಬಲ್ಬು ಮತ್ತೆ ಬೆಳಗಿತು.

“ಬಂದರೆ ತಳ್ಳುತ್ತೀರಿ, ಹೋದರೆ ಬಿಡುವುದಿಲ್ಲ. ಇದೆಂಥ ಉಪಚಾರ, ತಾಯಿ?” ಎಂದರು ರಾಯರು.

“ನಮ್ಮ ಮನೆತನದ ಪದ್ಧತಿಯೇ ಹಾಗೆ,” ಎಂದರು ಸುರುಳಮ್ಮ.

“ಹಾಗಾದರೆ ನಾನಿಲ್ಲಿಂದ ಕದಲುವುದಿಲ್ಲ,” ಎಂದು ರಾಯರು ಸುರುಳಿಯ ನಟ್ಟನಡುವೆ ಗಟ್ಟಿಯಾಗಿ ಕೂತುಬಿಟ್ಟರು. ತಳ್ಳಾಟ ನಿಂತಿತು, ಮಾತು ಮೃದುವಾಯಿತು, ಬಲ್ಬು ಆರಿತು.

“ಖುದ್ದು ನಾನೇ ಬಂದು ಕೂತಿದ್ದೇನೆ. ಈ ಬಲ್ಬಿಗೆ ಇನ್ನೇನು ಬೇಕಂತೆ?” ಎಂದರು ರಾಯರು.

ಹೊರಗೆ ಗುಜರಿಯವನ ಕೂಗು ಕೇಳಿಸಿತು. ಬಲ್ಬು ಮೆಲ್ಲಗೆ ಬಾಯಿಬಿಟ್ಟಿತು: “ನನಗ್ಯಾಕೆ ಊರ ಉಸಾಬರಿ, ರಾಯರೇ. ಆದರೆ ಸುರುಳಮ್ಮ ನಿಮ್ಮನ್ನು ತುಕ್ಕು ಹಿಡಿದ ಕಬ್ಬಿಣದ ತುಂಡು ಅಂದರು.”

ರಾಯರು ಬಾಣದಂತೆ ಹೊರಬಿದ್ದರು. ಬಲ್ಬು ಎಂದೂ ಇಲ್ಲದಷ್ಟು ಝಗ್ಗನೆ ಬೆಳಗಿತು. ಮೇಷ್ಟ್ರು ಗುಜರಿಯವನನ್ನು ಸಾಗಹಾಕಿ ಬರುವಷ್ಟರಲ್ಲಿ ಬಲ್ಬು ಇತ್ತ ತಿರುಗಿ, “ಸುರುಳಮ್ಮನವರೇ, ರಾಯರು ನಿಮ್ಮ ಬಗ್ಗೆ ಏನಂದರು ಗೊತ್ತೇ?” ಎಂದು ಶುರುಮಾಡಿತ್ತು.