ಏಳನೇ ಕಾರ್ಖಾನೆಯ ಪೆಟ್ಟಿಗೆ

ಪೆಟ್ಟಿಗೆಯ ತಳದಲ್ಲಿ ಏಳನೇ ಕಾರ್ಖಾನೆಯ ಮುದ್ರೆ ಇದ್ದರೆ ಮಾತ್ರ ಸಿಗಾರು, ಮಿಕ್ಕದ್ದೆಲ್ಲ ಬರೀ ಹುಲ್ಲು ಎನ್ನುತ್ತಿದ್ದರು ನಿವೃತ್ತ ಅಮಲ್ದಾರ್ ವೆಂಕೋಬರಾಯರು. ಹೆಂಡತಿ ಹೋದ ಮೇಲೆ ಅವರ ಜೊತೆಗಿದ್ದವನು ಆಳು ದ್ಯಾವಣ್ಣ ಒಬ್ಬನೇ.

"ಏಳು ತರದಿದ್ದರೆ ಮನೆಗೇ ಬರಬೇಡ!" ಎಂದು ಒಂದು ದಿನ ಅವನನ್ನು ಅಂಗಡಿಗೆ ಅಟ್ಟಿದರು.

ಅಂಗಡಿಯಲ್ಲಿ ಇದ್ದದ್ದು ನಾಲ್ಕನೇ ಕಾರ್ಖಾನೆಯದು. ದ್ಯಾವಣ್ಣ ಅದನ್ನೇ ತಂದು, ಸಿಗಾರುಗಳನ್ನು ಏಳರ ಹಳೇ ಪೆಟ್ಟಿಗೆಗೆ ತುಂಬಿಟ್ಟ.

ರಾಯರು ಹೊಗೆ ಬಿಟ್ಟು, "ನೋಡಿದೆಯಾ ಏಳರ ಗಮ್ಮತ್ತು!" ಎಂದರು. ಆಮೇಲೆ ಒಲೆಯ ಪಕ್ಕ ನಾಲ್ಕರ ಖಾಲಿ ಪೆಟ್ಟಿಗೆ ಕಂಡು ಕೆಂಡವಾದರು.

"ಗುಣವೆಲ್ಲ ಪೆಟ್ಟಿಗೆಯ ಮುದ್ರೆಯಲ್ಲಿದೆ ಅಂದಿರಲ್ಲ ಬುದ್ಧಿ, ಅದಕ್ಕೇ ಪೆಟ್ಟಿಗೆ ಬದಲಾಯಿಸಲಿಲ್ಲ."

ರಾಯರು ನಗು ತಡೆಯಲು ಹೋಗಿ ಕೆಮ್ಮಿದರು. ದ್ಯಾವಣ್ಣ ಬೆನ್ನು ನೀವಿದ.

"ಇನ್ನು ಯಾವುದಾದರೂ ತಾರೋ," ಎಂದರು ರಾಯರು. "ತರದಿದ್ದರೂ ಮನೆಗೆ ಬಾ."